ಬಿಳಿ ಮೂರು, ಕರಿ ಎರಡು

ಒಂದು ಕಾರ್ಡನ್ನು, ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು, ಗಿಟಾರಿನ ಮೇಲೆ ಹಿಡಿಯಲು ನನಗೆ ಅರ್ಧ ಸೆಕೆಂಡು ಸಾಕು. ಅದೇ ಕಾರ್ಡಿನ ಹೆಸರನ್ನು ಕಂಪ್ಯೂಟರಿಗೆ ಒಪ್ಪಿಸಲು ಕಳೆದ ಶನಿವಾರ ರಾತ್ರಿ ಊಟ ಮುಗಿಸಿ ಕುಳಿತವನು ಮೇಲೆದ್ದಾಗ ನಮ್ಮ ಓಣಿಯಲ್ಲಿ ಹಾಲಿನವನ ಗಂಟೆ ಕೇಳಿಸುತ್ತಿತ್ತು. ಅಷ್ಟಾದ ಮೇಲೂ ನಾನು ಒಪ್ಪಿಸಿದ್ದು ಬೇರೆಯವರ ಮನೆಯ ಕಾರ್ಡನ್ನು ಎಂಬುದು ಭಾನುವಾರ ಸಂಜೆ ಹತ್ತು ಜನರ ಎದುರಿಗೆ ತಿಳಿಯಿತು.

ಪಕ್ಕವಾದ್ಯ ನುಡಿಸುವ ಈ ತಂತ್ರಾಂಶಗಳ ಕ್ರಮ ಗೊತ್ತಿರುವವರಿಗೆ ಗೊತ್ತೇ ಇದೆ. ಪರದೆಯ ಮೇಲೆ ಕುಂಟಾಬಿಲ್ಲೆಯ ಮನೆಗಳಂತೆ ಚೌಕಗಳಿರುತ್ತವೆ. ಒಂದೊಂದು ಚೌಕದಲ್ಲಿ ಕಾರ್ಡಿನ ಹೆಸರು ಬರೆದರೆ ಬೇಸ್, ಡ್ರಮ್ಸ್, ಪಿಯಾನೊ ಎಲ್ಲವೂ ತಾವಾಗಿಯೇ ಹೊರಡುತ್ತವೆ. ಮೇಜರ್, ಮೈನರ್ ಎಂಬ ಕಾರ್ಡಿನ ಜಾತಿಗಳು, ಮೂಲ ಸ್ವರದಿಂದ ಎಣಿಸಿ ಸೇರಿಸುವ ಬರಿಯ ಏಳು ಎನ್ನುವವರೆಗೆ ಸಂಸಾರ ಸುಖವಾಗಿಯೇ ಇರುತ್ತದೆ. ಒಂಬತ್ತು, ಹನ್ನೊಂದು, ಹದಿಮೂರು ಎಂದು ಮಹಡಿ ಏರತೊಡಗಿದಾಗ ಜಗಳ ಶುರುವಾಗುತ್ತದೆ. ನಾನು ಕೊಂಡ ತಂತ್ರಾಂಶದಲ್ಲಿ ಸಣ್ಣ ಎಮ್ ಹಾಕಿದರೆ ಮೈನರ್, ದೊಡ್ಡ ಎಮ್ ಹಾಕಿದರೆ ಮೇಜರ್; ದೊಡ್ಡ ಬಿ ಒಂದು ಸ್ವರ, ಸಣ್ಣ ಬಿ ಎಂದರೆ ಫ್ಲಾಟ್, ನಮ್ಮ ಲೆಕ್ಕದಲ್ಲಿ ಕೋಮಲ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ನನಗೆ, ಅಲ್ಪಪ್ರಾಣ ಮಹಾಪ್ರಾಣದ ತಪ್ಪಿಗೆ ಬಾಲ್ಯದಲ್ಲಿ ತಿಂದ ಏಟುಗಳು ಸಾಲದೆಂದು ಈ ವಯಸ್ಸಿನಲ್ಲಿ ಮತ್ತೊಮ್ಮೆ ಶಾಲೆಗೆ ಸೇರಿಸಿದಂತಾಯಿತು.

ಸಿ ಕಾರ್ಡಿಗೆ ಆರನ್ನೂ ಒಂಬತ್ತನ್ನೂ ಸೇರಿಸಿದ ಒಂದು ಮೃದುವಾದ ಕಾರ್ಡಿದೆ. ಪುಸ್ತಕಗಳಲ್ಲಿ ಅದನ್ನು ಆರು, ಓರೆಗೆರೆ, ಒಂಬತ್ತು ಎಂದು ಬರೆಯುವುದು ರೂಢಿ. ನಾನೂ ಹಾಗೆಯೇ ಬರೆದೆ. ಓರೆಗೆರೆಯ ಮುಂದೆ ಬರಬೇಕಾದದ್ದು ಬೇಸ್ ನುಡಿಸುವ ಸ್ವರ, ಒಂಬತ್ತು ಎಂಬ ಹೆಸರಿನ ಸ್ವರವನ್ನು ತಾನು ಕಂಡಿಲ್ಲ ಎಂದು ತಂತ್ರಾಂಶ ತಕರಾರು ತೆಗೆಯಿತು. ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಇಣುಕಿ ನೋಡಿ, "ಅಪ್ಪಾ, ಆರು ಬೈ ಒಂಬತ್ತನ್ನ ಹಂಗ ಬಿಡಬಾರದು, ಎರಡು ಬೈ ಮೂರು ಮಾಡು, ಇಲ್ಲಾಂದ್ರ ಟೀಚರ್ ಮಾರ್ಕ್ಸ್ ಕಟ್ ಮಾಡ್ತಾರ" ಎಂದಳು. ಕೊನೆಗೆ ಗೆರೆಯನ್ನೇ ಅಳಿಸಿ ಅರವತ್ತೊಂಬತ್ತು ಎಂದು ಬರೆದೆ. ತಂತ್ರಾಂಶ ತಕರಾರಿಲ್ಲದೆ ನುಂಗಿಕೊಂಡಿತು.

ನಮಗೆ ಈ ಹೆಸರುಗಳು ಹಿಂದೆ ಬೇಕಾಗಿರಲಿಲ್ಲ. ತೀನ್ ಕಂದೀಲಿನ ಹತ್ತಿರದ ಒಂದು ಮಾಳಿಗೆಯ ಮೇಲೆ, ಬಿಸಿಲು ಇಳಿದರೂ ಕಾವು ಇಳಿಯದ ರಾಯಚೂರಿನ ಸಂಜೆಗಳಲ್ಲಿ ನಾವು ನಾಲ್ವರು ಕೂಡಿ ಬಾರಿಸುತ್ತಿದ್ದಾಗ ಕಾರ್ಡುಗಳಿಗೆ ನಮ್ಮವೇ ಹೆಸರುಗಳಿದ್ದವು. ಕೆಳಗಿನ ಮೂರು ತಂತಿಗಳನ್ನು ಒಂದೇ ಬೆರಳಿನಿಂದ ಚಪ್ಪಟೆಯಾಗಿ ಒತ್ತುವ ಸಿ ಒಂಬತ್ತು ನಮಗೆ 'ಹಲಗೆ'. ಎ ಮೈನರಿಗೆ ಮರಳುವ ಮುನ್ನ ಬರುವ, ಕಿರುಬೆರಳು ಕೊಂಡಿಯಂತೆ ಎದ್ದು ನಿಲ್ಲುವ, ಕೇಳಿದವರಿಗೆ ಸಣ್ಣಗೆ ಕುಟುಕುವ ಇನ್ನೊಂದು ಕಾರ್ಡು 'ಚೇಳು'. ಯಾರಾದರೂ "ಚೇಳು!" ಎಂದರೆ ಎರಡು ಗಿಟಾರುಗಳು ಒಟ್ಟಿಗೆ ಕುಟುಕುತ್ತಿದ್ದವು. ಈಗ ತಬಲಾದವನು ಹೈದರಾಬಾದಿನಲ್ಲಿದ್ದಾನೆ, ಬೇಸ್‌ನವನು ಬೆಂಗಳೂರಿನಲ್ಲಿದ್ದಾನೆ, ಚೇಳನ್ನು ನನಗೆ ಕಲಿಸಿಕೊಟ್ಟವನು ಇಲ್ಲವೇ ಇಲ್ಲ. ಅದಕ್ಕೇ ಈ ಚೌಕಗಳ ಸಹವಾಸ.

ಊರಿನಲ್ಲಿ ಉಳಿದವರೆಂದರೆ ಪೇಟಿ ಮಾಸ್ತರರು. ಅವರಿಗೆ ಎರೆ ಹೊಲವೂ ಇದೆ, ಮಸಾರಿ ಹೊಲವೂ ಇದೆ. ಭೂಮಿಯನ್ನು ಬಣ್ಣದಿಂದ ಗುರುತಿಸುವಂತೆಯೇ ಸ್ವರಗಳನ್ನೂ ಹಾರ್ಮೋನಿಯಂ ಮನೆಗಳ ಬಣ್ಣದಿಂದಲೇ ಗುರುತಿಸುತ್ತಾರೆ. ಸಿ ಎಂದರೆ ಬಿಳಿ ಒಂದು, ಬಿ ಫ್ಲಾಟ್ ಎಂದರೆ ಕರಿ ಐದು. ಇಪ್ಪತ್ತು ವರ್ಷಗಳಿಂದ ನಾನು ಇಂಗ್ಲಿಷ್ ಅಕ್ಷರ ಹೇಳುತ್ತೇನೆ, ಅವರು ಬಣ್ಣ ಹೇಳಿ ತಿದ್ದುತ್ತಾರೆ. ಹದಿಮೂರರ ಕಾರ್ಡಿನ ಮಾತು ತೆಗೆದ ದಿನ ಅವರು ಪೇಟಿಯ ತಿದಿ ಮುಚ್ಚಿ, "ಸ್ವರ ಏಳೇ ಅದಾವು, ನಿಮ್ಮ ಹದಿಮೂರು ಎಲ್ಲಿಂದ ಬಂತ್ರೀ?" ಎಂದು ಕೇಳಿದರು. ಮೇಲಿನ ಸಪ್ತಕದ ರಿಷಭವೇ ಒಂಬತ್ತು, ಮಧ್ಯಮವೇ ಹನ್ನೊಂದು, ಧೈವತವೇ ಹದಿಮೂರು ಎಂದು ವಿವರಿಸಿದೆ. "ಹಂಗಾರ ಧಾ ಅನ್ರಲ್ಲ" ಎಂದರು. ಲೆಕ್ಕದ ಪ್ರಕಾರ ಆ ಕಾರ್ಡಿಗೆ ಏಳು ಸ್ವರಗಳಿರಬೇಕು, ಗಿಟಾರಿಗಿರುವುದು ಆರೇ ತಂತಿ, ಆದ್ದರಿಂದ ಪಂಚಮವನ್ನೂ ಹನ್ನೊಂದನ್ನೂ ಸದ್ದಿಲ್ಲದೆ ಬಿಟ್ಟುಬಿಡುತ್ತೇವೆ ಎಂದು ನಾನು ಪ್ರಾಮಾಣಿಕವಾಗಿ ಒಪ್ಪಿಕೊಂಡಾಗ ಅವರ ಮುಖ ಅರಳಿತು. "ಅಂದ್ರ ಕಾರ್ಡಿನ್ಯಾಗ ಹೆಸರು ಐತಿ, ಬರೂದಿಲ್ಲ. ಮದುವಿ ಕಾರ್ಡಿನ್ಯಾಗ ಸುಖಾಗಮನ ಬಯಸುವವರು ಇರ್ತಾರಲ್ಲ, ಹಂಗ." ಅಂದಿನಿಂದ ಯಾವ ಮದುವೆಯಲ್ಲಿ ಎದುರಾದರೂ ಅವರು ಆಮಂತ್ರಣ ಪತ್ರಿಕೆಯನ್ನು ನನ್ನ ಮುಂದೆ ಹಿಡಿದು, "ಇದು ಎಷ್ಟರ ಕಾರ್ಡ್ರೀ?" ಎಂದು ಕೇಳುವುದನ್ನು ಬಿಟ್ಟಿಲ್ಲ. ನಗುವುದನ್ನು ನಾನು ಮೂರನೆಯ ಮದುವೆಗೇ ಬಿಟ್ಟೆ.

ಇನ್ನು ಭಾನುವಾರದ ಸಂಗತಿ. ಪರಿಚಯದ ಹುಡುಗಿಯೊಬ್ಬಳ ಭಾವಗೀತೆಗೆ ನಾನು ಶನಿವಾರ ರಾತ್ರಿಯಿಡೀ ಪಕ್ಕವಾದ್ಯ ಸಿದ್ಧಪಡಿಸಿದ್ದೆ. ಚೇಳು ಬರಬೇಕಾದ ಚೌಕದಲ್ಲಿ ದೊಡ್ಡ ಇ, ಸಣ್ಣ ಬಿ, 9 ಎಂದು ಬರೆದಿದ್ದೆ. ಷಡ್ಜ ಇ ಆಗಿರಲಿ, ಅದರ ಒಂಬತ್ತು ಮಾತ್ರ ಕೋಮಲವಾಗಲಿ ಎಂಬುದು ನನ್ನ ಅಭಿಪ್ರಾಯ. ಎರಡು ಹೊಲಗಳ ಬದುವಿನ ಮೇಲೆ ಬೆಳೆದ ಬೇವಿನ ಮರದಂತೆ ನಡುವೆ ನಿಂತಿದ್ದ ಆ ಸಣ್ಣ ಬಿ ಹಿಂದಿನ ಇಯ ಪಾಲೋ ಮುಂದಿನ 9ರ ಪಾಲೋ ಎಂಬ ವ್ಯಾಜ್ಯವನ್ನು ತಂತ್ರಾಂಶ ನನ್ನನ್ನು ಒಂದು ಮಾತೂ ಕೇಳದೆ ಹಿಂದಿನವರ ಪರವಾಗಿ ತೀರ್ಮಾನಿಸಿ, ಇಯನ್ನೇ ಇಡಿಯಾಗಿ ಕೋಮಲ ಮಾಡಿ ಕುಳಿತಿತ್ತು. ಆರು ಬೈ ಒಂಬತ್ತಕ್ಕೆ ಅಷ್ಟು ಗದ್ದಲ ಮಾಡಿದ್ದು ಇಲ್ಲಿ ಚಕಾರ ಎತ್ತಿರಲಿಲ್ಲ. ಹುಡುಗಿ ಎ ಮೈನರಿನ ಪಂಚಮವಾದ ಇಯ ಮೇಲೆ ಕಣ್ಣು ಮುಚ್ಚಿ ತನ್ಮಯಳಾಗಿ ನಿಂತಳು. ಅದೇ ಕ್ಷಣಕ್ಕೆ ಸ್ಪೀಕರಿನಿಂದ ಬೇಸೂ ಪಿಯಾನೊವೂ ಒಮ್ಮತದಿಂದ ಅರ್ಧ ಸ್ವರ ಕೆಳಗೆ ಕುಸಿದವು. ಮಿರ್ಚಿಗೆ ಕೈ ಹಾಕಿದ್ದವರೊಬ್ಬರು ಕೈ ಹಿಂದೆಗೆದುಕೊಂಡರು. ಹುಡುಗಿ ಕಣ್ಣು ತೆರೆದು ನನ್ನನ್ನೇ ನೋಡಿದಳು.

ನಾನು ಸ್ಪೀಕರಿನ ವೈರು, ಸೌಂಡ್ ಕಾರ್ಡು ಎಂದು ತಡಕಾಡುತ್ತಿದ್ದರೆ ಮಾಸ್ತರರು ಕುಳಿತಲ್ಲಿಂದಲೇ ಅಂದರು: "ವೈರ್ ಬಿಡ್ರಿ. ಬಿಳಿ ಮೂರು ಒತ್ತೂ ಕಡಿ ಯಾರೋ ಕರಿ ಎರಡು ಒತ್ಯಾರ."

ಇ ಎಂದರೆ ಬಿಳಿ ಮೂರು, ಇ ಫ್ಲಾಟ್ ಎಂದರೆ ಕರಿ ಎರಡು. ಇಡೀ ರಾತ್ರಿ ಪರದೆಯನ್ನು ನೋಡಿ ನನಗೆ ಕಾಣದ್ದು ಅವರಿಗೆ ಒಂದೇ ಕ್ಷಣದಲ್ಲಿ ಕೇಳಿಸಿದ್ದಕ್ಕೆ ಸಂತೋಷಪಡಬೇಕಾಗಿತ್ತು. ಆದರೆ ಆ ಹೊತ್ತಿಗೆ ಅಷ್ಟು ದೊಡ್ಡ ಮನಸ್ಸು ನನ್ನಲ್ಲಿರಲಿಲ್ಲ. ಹಲ್ಲು ಕಚ್ಚಿ ಚೌಕವನ್ನು ತೆರೆದು, ಇ ಮತ್ತು ಸಣ್ಣ ಬಿ ನಡುವೆ ಬಾಂದಕಲ್ಲಿನಂತೆ ಒಂದು 7 ನೆಟ್ಟೆ. ಹಾಡು ಮೊದಲಿನಿಂದ ಶುರುವಾಯಿತು. ಚೇಳು ಬಂದು ತನ್ನ ಜಾಗದಲ್ಲಿ ಹಿತವಾಗಿ ಕುಟುಕಿತು. ಮಾಸ್ತರರು "ಹಾಂ, ಈಗ ಬಿಳಿ ಮೂರು" ಎಂದು ತಲೆದೂಗಿದರು. ಮಿರ್ಚಿಯವರ ಕೈ ಮತ್ತೆ ತಟ್ಟೆಗೆ ಹೋಯಿತು.

ಎರಡನೆಯ ಚರಣಕ್ಕೂ ಅದೇ ಚೌಕವನ್ನು ಶನಿವಾರವೇ ನಕಲು ಮಾಡಿ ಅಂಟಿಸಿದ್ದೆನೆಂಬುದು ನನಗೆ ನೆನಪಾಗುವಷ್ಟರಲ್ಲಿ ಹುಡುಗಿ ಪಂಚಮಕ್ಕೆ ಕಣ್ಣು ಮುಚ್ಚಿದ್ದಳು.