ಬಲ್ಬ್ ಬದಲಿಸುವ ಮೊದಲು ವೈರ್ ನೋಡಿ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಗೆ ಎಲ್‌ಇಡಿ ಬಲ್ಬ್ ಹಾಕಿದರೆ ಸಾಕು, ರಾತ್ರಿ ರಸ್ತೆ ಚೆನ್ನಾಗಿ ಕಾಣುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಅದಕ್ಕೂ ಮೊದಲು ಮೀಟರ್ ಹಿಡಿದು ವೋಲ್ಟೇಜ್ ನೋಡಿ. 1962ರಲ್ಲಿ ಬಂದ ಈ ಕಾರಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಹೋಗುತ್ತದೆ. ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇ ಇಲ್ಲ, ಆ ಲೈನಿಗೆ ಫ್ಯೂಸೂ ಇಲ್ಲ.

ನನ್ನ ಕಾರಿನಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು, ಬಲ್ಬಿನ ಹಿಂದೆ ಬರೀ 11.9. ಗ್ರಿಲ್ ಹಿಂದಿನ ನೀಲಿ-ಕೆಂಪು ಡಿಪ್ (ತಗ್ಗಿಸಿದ ಬೆಳಕು) ವೈರಿನ ಬುಲೆಟ್ ಕನೆಕ್ಟರ್, ಅಂದರೆ ವೈರ್ ಜೋಡಿಸುವ ಸಿಕ್ಕಿಸು ತುದಿ, ಎಳೆದು ನೋಡಿದೆ. ಒಳಗೆಲ್ಲ ಹಸಿರು ಕಿಲುಬು, ರಬ್ಬರ್ ಸುಟ್ಟು ಗಟ್ಟಿಯಾಗಿತ್ತು. ಬಲ್ಬಿಗೆ ವೋಲ್ಟೇಜ್ 10% ಇಳಿದರೆ ಬೆಳಕು ಹತ್ತಿರ ಹತ್ತಿರ 30% ಇಳಿಯುತ್ತದೆ. ಮಂಕು ಬೆಳಕಿಗೆ ಸುಮ್ನೆ ಬಲ್ಬನ್ನು ಬೈದರೆ ಏನು ಬಂತು ಹೇಳಿ?

ನಾನು ಹಾಕಿದ್ದು ಡಿಪ್‌ಗೊಂದು, ಮೇನ್‌ಗೊಂದು (ದೂರದ ಬೆಳಕು) ರಿಲೇ, ಫ್ಯೂಸ್, ದಪ್ಪ ವೈರ್, ಒಳ್ಳೇ ಅರ್ಥ್ (ಬಾಡಿಗೆ ಸೇರಿಸುವ ವೈರ್). ಜೊತೆಗೆ 7 ಇಂಚಿನ ಎಚ್4 (ಡಿಪ್, ಮೇನ್ ಎರಡೂ ಒಂದೇ ಬಲ್ಬಿನಲ್ಲಿರುವ) ಲ್ಯಾಂಪ್, 60/55 ವ್ಯಾಟ್ ಹ್ಯಾಲೊಜನ್. ಅಷ್ಟರಲ್ಲೇ ರಸ್ತೆ ಬದಿಯ ಬೇಲಿ ತನಕ ಕಾಣತೊಡಗಿತು, ನಿಜಕ್ಕೂ ಖುಷಿಯಾಯಿತು.

ಫಿಲಮೆಂಟ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ಚದುರಿ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಅವರೂ ಮನೆ ಸೇರಬೇಕು ಅಲ್ವಾ? ಇನ್ನೊಂದು, 1967ರ ತನಕದ ಎಂಜಿಬಿ ಕಾರುಗಳು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಅದನ್ನು ನೋಡದೆ ಎಲ್‌ಇಡಿ ಹಾಕಿದರೆ ಹೊತ್ತಿಕೊಳ್ಳದೇ ಇರಬಹುದು. ಅಮೆರಿಕದಿಂದ ವಾಪಸ್ ಬಂದ ಕಾರಾದರೆ ಲೆನ್ಸ್ ಕೂಡ ನೋಡಿ, ಅದರ ಡಿಪ್ ಬಲಗಡೆಗೆ ವಾಲಿರುತ್ತದೆ, ಎಡಗಡೆ ಓಡಿಸುವ ನಮ್ಮಲ್ಲಿ ಅದು ಎದುರು ಬರುವವರ ಕಡೆಗೇ ಬೀಳುತ್ತದೆ.