ಚಪ್ಪಲಿ ಹೊರಗೆ, ರ‍್ಯಾಮ್ ಕೂಡ ಹೊರಗೆ

ಮಂಗಳೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಇರುವಷ್ಟು ಭದ್ರತೆ ಬ್ಯಾಂಕಿನ ಲಾಕರಿಗೂ ಇರಲಿಕ್ಕಿಲ್ಲ. ಮೊದಲು ಕಬ್ಬಿಣದ ಗ್ರಿಲ್, ಆಮೇಲೆ ಬಾಗಿಲು, ಎರಡಕ್ಕೂ ಬೇರೆ ಬೇರೆ ಬೀಗ. ಬೀಗದ ಕೈ ಅಟೆಂಡರ್ ಹತ್ತಿರ. ಅವರ ಮನೆಯಲ್ಲಿ ಕೋಲ ಇದ್ದರೆ ಆ ದಿನ ಪ್ರಾಕ್ಟಿಕಲ್ ಇಲ್ಲ. ಬೀಗ ತೆಗೆದ ದಿನ, ಆಟಿ ತಿಂಗಳ ಮಳೆಯಿದ್ದರೂ ಚಪ್ಪಲಿ ಬಿಚ್ಚಿ ಒದ್ದೆ ಕಾಲಲ್ಲೇ ಒಳಗೆ ಹೋಗಬೇಕು. ಧೂಳು ಬರಬಾರದು, ಅಲ್ವಾ?

ಒಳಗೆ ಮಾತ್ರ ಕಂಪ್ಯೂಟರ್ ಡಬ್ಬದ, ಅಂದರೆ ಕ್ಯಾಬಿನೆಟ್ಟಿನ, ಪಕ್ಕದ ತಗಡಿಗೆ ಸ್ಕ್ರೂನೇ ಇಲ್ಲ. ಪ್ರತಿ ಸಲ ರಿಪೇರಿಗೆ ಬಿಚ್ಚುವುದು ಯಾರು ಅಂತ ಸುಮ್ನೆ ಸಿಕ್ಕಿಸಿಟ್ಟಿದ್ದಾರೆ. ತಗಡು ಸರಿಸಿ ಕ್ಲಿಪ್ ಒತ್ತಿದರೆ ಮೆಮೊರಿ ಚಿಪ್ಪುಗಳ ಪಟ್ಟಿ, ಅಂದರೆ ರ‍್ಯಾಮ್ ಕೈಗೆ ಬರುತ್ತದೆ. ಗೇಣುದ್ದವೂ ಇಲ್ಲದ ವಸ್ತು, ಪ್ಯಾಂಟಿನ ಜೇಬಲ್ಲಿ ಆರಾಮಾಗಿ ಹೋಗುತ್ತದೆ.

ಸ್ಟಾಕ್ ವೆರಿಫಿಕೇಶನ್ ಇಲ್ಲವಾ ಅಂತ ಕೇಳಬೇಡಿ. ವರ್ಷಕ್ಕೊಮ್ಮೆ ಉಂಟು. ರಿಜಿಸ್ಟರ್ ಹಿಡಿದು ಬರುತ್ತಾರೆ, ಡಬ್ಬದ ಮೇಲೆ ಬಿಳಿ ಪೇಂಟಲ್ಲಿ ಬರೆದ ನಂಬರ್ ನೋಡುತ್ತಾರೆ, ಟಿಕ್ ಹಾಕುತ್ತಾರೆ. ಡಬ್ಬ ಇದೆಯಾ? ಇದೆ. ಒಳಗೆ? ಅದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ ಮಾರಾಯ್ರೆ. ಒಳಗೆ ಹಲ್ಲಿ ಸಂಸಾರ ಹೂಡಿದ್ದರೂ ಲೆಕ್ಕ ಟ್ಯಾಲಿ.

ಸಿಸಿಟಿವಿಯೂ ಉಂಟು. ಕ್ಯಾಮರಾದ ಮುಖ ಚಪ್ಪಲಿ ಸ್ಟ್ಯಾಂಡಿನ ಕಡೆ. ರೆಕಾರ್ಡಿಂಗ್ ಪೆಟ್ಟಿಗೆ ಅದೇ ಲ್ಯಾಬಿನ ಮೂಲೆಯಲ್ಲಿ. ಕಳ್ಳ ಬಂದರೆ ಸಾಕ್ಷಿಯನ್ನೂ ಜೊತೆಗೇ ಕರ್ಕೊಂಡು ಹೋಗಬಹುದು.

2019ರ ಫೆಬ್ರವರಿಯಲ್ಲಿ ಅಮೆರಿಕದ ಆಲ್ಬನಿಯ ಒಂದು ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿಯೊಬ್ಬ ‘ಯುಎಸ್‌ಬಿ ಕಿಲ್ಲರ್’ ಚುಚ್ಚಿ 66 ಕಂಪ್ಯೂಟರ್ ಹಾಳು ಮಾಡಿದ. ನೋಡಲಿಕ್ಕೆ ಪೆನ್‌ಡ್ರೈವ್. ಪೋರ್ಟಿನಿಂದಲೇ ಕರೆಂಟ್ ಹೀರಿ, ಜಾಸ್ತಿ ವೋಲ್ಟೇಜಲ್ಲಿ ವಾಪಸ್ ಹೊಡೆಯುತ್ತದೆ. ಅವನು ಅದನ್ನು ವೀಡಿಯೊ ಬೇರೆ ಮಾಡಿಕೊಂಡಿದ್ದ, ಪಾಪ! ನಮ್ಮಲ್ಲಿ ‘ಪೆನ್‌ಡ್ರೈವ್ ನಿಷೇಧಿಸಲಾಗಿದೆ’ ಎಂಬ ಬೋರ್ಡ್ ಇದೆ. ಅದರ ಕೆಳಗೆ ಪೋರ್ಟುಗಳೆಲ್ಲ ಬಾಯಿ ತೆರೆದು ಕೂತಿವೆ. ಕೀಬೋರ್ಡ್ ವಯರಿನ ತುದಿಗೆ ಪುಟ್ಟ ಕೀಲಾಗರ್ ಸಿಕ್ಕಿಸಿದರೆ ಲೆಕ್ಚರರ್ ಒತ್ತಿದ ಪಾಸ್‌ವರ್ಡೆಲ್ಲ ಸಿಗುತ್ತದೆ. ಆದರೆ ಅಷ್ಟು ಖರ್ಚು ಯಾಕೆ? ಪಾಸ್‌ವರ್ಡ್ ಮಾನಿಟರಿನ ಮೇಲೆಯೇ ಅಂಟಿಸಿದೆ.

ಈ ವರ್ಷ ಹೊಸ ಲ್ಯಾಪ್‌ಟಾಪುಗಳಿಗೆ ಕೆನ್ಸಿಂಗ್ಟನ್ ಲಾಕ್ ತರಿಸಿದ್ದಾರೆ. ಲ್ಯಾಪ್‌ಟಾಪನ್ನು ಕಟ್ಟಿಹಾಕುವ ಉಕ್ಕಿನ ಕೇಬಲ್, ಒಳ್ಳೇದೇ. ಅದನ್ನು ಮೇಜಿನ ಕಾಲಿಗೆ ಸುತ್ತಿದ್ದಾರೆ. ಮೇಜು ಪ್ಲಾಸ್ಟಿಕ್‌ದು. ಒಂದು ಕಡೆ ಸ್ವಲ್ಪ ಎತ್ತಿದರೆ ಕೇಬಲ್ ಕಾಲಿನ ಕೆಳಗಿಂದ ಜಾರಿ ಹೊರಗೆ ಬರುತ್ತದೆ. ಒಬ್ಬ ಹುಡುಗ ಇದನ್ನು ಎಚ್‌ಒಡಿಯವರಿಗೆ ತೋರಿಸಿಕೊಟ್ಟ.

ಮರುದಿನ ಅವನಿಗೆ ನೋಟಿಸ್ ಬಂತು: ಅನುಮತಿ ಇಲ್ಲದೆ ಮೇಜು ಎತ್ತಿದ್ದು ಯಾಕೆ?