ಮನೆ ಮಾರುವ ಮುಂಚೆ ಟ್ರಂಕ್ ಇಳಿಸಿ, ಬಣ್ಣ ಆಮೇಲೆ

ದಾವಣಗೆರೆಯ ನಿಟುವಳ್ಳಿಯ ನಮ್ಮ ಮನೆ ಮಾರೋದು ಅಂತ ತೀರ್ಮಾನ ಆದ ವಾರವೇ ಪೇಂಟರ್ ಕರೆಸಿದ್ದೆ. ಹೊರಗೆ ಎರಡು ಕೋಟ್, ಗೇಟಿಗೆ ಹೊಸ ಬಣ್ಣ, ಹಾಲ್‌ಗೆ ತಿಳಿ ಹಳದಿ. ಮೊದಲು ಬಂದ ಪಾರ್ಟಿ ಗೋಡೆ ಕಡೆ ಸರಿಯಾಗಿ ನೋಡಲೂ ಇಲ್ಲ. ಅವ್ವ ಕೊಟ್ಟ ಟೀ ಕುಡಿದು, "ಪತ್ರ ತನ್ನಿ, ನೋಡೋಣ" ಅಂದರು.

ಅಟ್ಟದಿಂದ ಟ್ರಂಕ್ ಇಳಿಸಿದೆ. ಅಪ್ಪ ಎಲ್ಲವನ್ನೂ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದರು. 1986ರ ಕ್ರಯಪತ್ರ ಮಡಚಿದಲ್ಲೆಲ್ಲ ಹರಿದಿತ್ತು. ಕಂದಾಯದ ರಸೀದಿಗಳು ವರ್ಷವಾರು, ಒಂದೊಂದಕ್ಕೂ ತುಕ್ಕು ಹಿಡಿದ ಗುಂಡುಸೂಜಿ. ಕಾಟನ್ ಮಿಲ್ಲಿನ ಸಂಬಳದಲ್ಲಿ ಒಂದು ವರ್ಷವೂ ಬಿಡದೆ ಕಟ್ಟಿದ್ದಾರೆ. ನೋಡಿ ಗಂಟಲು ಕಟ್ಟಿತು. ಆದರೆ ಕ್ರಯಪತ್ರದಲ್ಲಿ ಅವರ ಹೆಸರಿನ ಕೊನೆಗೆ 'ಪ್ಪ' ಇದೆ, ರಸೀದಿಯಲ್ಲಿ ಇಲ್ಲ. ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಬೇರೆ. ನಮ್ಮ ಕಡೆ ಇದು ಎಷ್ಟು ಮನೆಯಲ್ಲಿ ಇಲ್ಲ ಹೇಳಿ? ಪಾರ್ಟಿಗೆ ಹೋಂ ಲೋನ್ ಬೇಕಿತ್ತು, ಬ್ಯಾಂಕಿನ ವಕೀಲರು ಒಪ್ಪಲಿಲ್ಲ. ಅವರು ಕೈಬಿಟ್ಟರು.

ಪಾಲಿಕೆಯ ದಾಖಲೆಯಲ್ಲಿ ಮನೆಯ ಖಾತೆಯೂ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಈಗ ಇ-ಖಾತಾ, ಅಂದರೆ ಆ ಖಾತೆಯ ಡಿಜಿಟಲ್ ಪ್ರತಿ, ಇಲ್ಲದೆ ನೋಂದಣಿ ಆಗುವುದಿಲ್ಲ. ವಂಶವೃಕ್ಷ, ಅಫಿಡವಿಟ್, ಪಾಲಿಕೆಗೆ ಓಡಾಟ. ಜೊತೆಗೆ ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿದರೆ, ಅಪ್ಪ ಎಂದೋ ತೀರಿಸಿದ್ದ ಅಡಮಾನ ಅದರಲ್ಲಿ ಹಾಗೇ ಕೂತಿತ್ತು. ಸಾಲ ತೀರಿದ್ದಕ್ಕೆ ಪತ್ರ ನೋಂದಣಿ ಆಗಿರಲಿಲ್ಲ. ಇದಕ್ಕೆಲ್ಲ ಐದು ತಿಂಗಳು ಹೋಯಿತು.

ಬ್ರೋಕರ್ ಒಂದು ಮಾತು ಹೇಳಿದರು: "ಅಕ್ಕನ ಹತ್ರ ಒಂದು ಸೈನ್ ಹಾಕಿಸ್ಕೊಂಡ್ ಬನ್ನಿ, ಒಂದು ಸೀರೆ ಕೊಟ್ರಾಯ್ತು." ನನಗೆ ಬಹಳ ಸಿಟ್ಟು ಬಂತು. ಅಪ್ಪ ಸ್ವಂತ ದುಡಿದು ಕಟ್ಟಿದ ಮನೆ, ವಿಲ್ ಬರೆದಿಲ್ಲ. ಅಂಥ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳಿಗೆ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಬಂತು. ಆದರೂ ಅಕ್ಕತಂಗಿಯರ ಸೈನ್ ಅಂದರೆ ಸುಮ್ನೆ ಒಂದು ಶಾಸ್ತ್ರ ಅನ್ನೋ ಹಾಗೆ ಮಾತಾಡುತ್ತೇವೆ. ಇದು ತಪ್ಪು.

ಹರಿಹರಕ್ಕೆ ಹೋಗಿ, "ಮೂರು ಪಾಲು ಅಕ್ಕ, ನಿಂದೂ ಒಂದು" ಅಂದೆ. ಅಕ್ಕಿ ಆರಿಸುತ್ತಿದ್ದಳು. ಮೊರದ ಮೇಲೆ ಕೈ ನಿಂತಿತು. ತುಂಬ ಹೊತ್ತು ಆದ ಮೇಲೆ, "ಊಟ ಮಾಡ್ಕೊಂಡು ಹೋಗು" ಅಂದಳು. ಕೊನೆಗೆ ಅಕ್ಕ ಸೈನ್ ಹಾಕಿದ್ದು ಹಕ್ಕು ಬಿಡುಗಡೆ ಪತ್ರಕ್ಕಲ್ಲ, ಮಾರುವವರಲ್ಲಿ ಒಬ್ಬಳಾಗಿ ಕ್ರಯಪತ್ರಕ್ಕೆ.

ಇನ್ನು ಆ ಬಣ್ಣ. ಹಿಂದಿನ ರೂಮಿನ ಗೋಡೆ ಮಳೆಗಾಲದಲ್ಲಿ ಜಿನುಗುತ್ತದೆ. ಪುಟ್ಟಿ ಬಳಿಸಿ ಮುಚ್ಚಿದ್ದೆ. ಜುಲೈ ಮಳೆಗೆ ಅದು ಹಪ್ಪಳದ ಹಾಗೆ ಎದ್ದಿತು. ಎಲ್ಲ ಕೆರೆಸಿ, ತಾರಸಿಯ ಬಿರುಕಿಗೆ ಸಿಮೆಂಟ್ ಹಾಕಿಸಿ, ಗೋಡೆಯನ್ನು ಹಾಗೇ ಬಿಟ್ಟೆ. ಎರಡನೇ ಪಾರ್ಟಿಗೆ ಮೊದಲು ತೋರಿಸಿದ್ದೇ ಆ ಗೋಡೆ. ಅವರು ಬೆರಳಿನಿಂದ ಮುಟ್ಟಿ ನೋಡಿದರು. ಸ್ವಲ್ಪ ಚೌಕಾಸಿ ಮಾಡಿದರು, ನಾನೂ ಬಿಟ್ಟೆ. ಮನೆ ಅವರದೇ ಆಯಿತು.

ನಿಮ್ಮ ಮನೆ ಮಾರುವ ಯೋಚನೆ ಇಲ್ಲದಿದ್ದರೂ ಈ ಭಾನುವಾರ ಪತ್ರಗಳನ್ನು ತೆಗೆದು ಹೆಸರು ತಾಳೆ ನೋಡಿ. ಅಪ್ಪ ಎದುರಿಗಿದ್ದಾಗಲೇ ತಿದ್ದಿಸಿಕೊಳ್ಳುವುದು ಸುಲಭ. 'ಪ್ಪ' ತಕರಾರಿಗೆ ನಾನು ಮಾಡಿಸಿದ ಅಫಿಡವಿಟ್ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ಕಳಿಸುತ್ತೇನೆ.